ಚಾಳೀಸು: ಕೈ ಚಾಚಿದರೂ ಅಕ್ಷರ ಕೂಡದ ವಯಸ್ಸು

ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವುದು, ಮದುವೆಯ ಕರೆಯೋಲೆಯನ್ನು ಕಿಟಕಿಯ ಬಳಿ ಒಯ್ದು ಮುಹೂರ್ತ ಹುಡುಕುವುದು, ಪಂಚಾಂಗವನ್ನು ಮೊಳ ದೂರ ಹಿಡಿದು ತಲೆಯನ್ನು ಹಿಂದಕ್ಕೆ ವಾಲಿಸುವುದು... ನಲವತ್ತು ದಾಟಿದವರಿರುವ ಯಾವ ಮನೆಯಲ್ಲೂ ಕಾಣಸಿಗುವ ದೃಶ್ಯಗಳಿವು. ಮೊದಮೊದಲು ತಪ್ಪೆಲ್ಲ ಬೇರೆಯವರದೇ. ಪತ್ರಿಕೆಯವರು ಅಕ್ಷರ ಚಿಕ್ಕದು ಮಾಡಿದ್ದಾರೆ, ಬಲ್ಬು ಮಂಕಾಗಿದೆ, ಮಾತ್ರೆಯ ಪಟ್ಟಿಯ ಮೇಲಿನ ಮುದ್ರಣವೇ ಸರಿಯಿಲ್ಲ. ಸಂಜೆ ಹೊತ್ತಿಗೆ ಹಣೆ ನೋಯುತ್ತದೆ, ಅದಕ್ಕೆ ಬಿಸಿಲು ಕಾರಣ. ಹೀಗೆ ಒಂದೆರಡು ವರ್ಷ ಕಳೆದ ಮೇಲೆ, ಒಂದು ದಿನ ಕೈ ಪೂರ್ತಿ ಚಾಚಿದರೂ ಅಕ್ಷರಗಳು ಕೂಡಿ ಬರುವುದಿಲ್ಲ.

ಹಳೆಯ ಮೈಸೂರಿನ ಕಡೆಯ ಹಿರಿಯರು ಇದನ್ನು ‘ಚಾಳೀಸು’ ಎನ್ನುತ್ತಾರೆ. ಕನ್ನಡಕಕ್ಕೂ ಅವರ ಬಾಯಲ್ಲಿ ಅದೇ ಹೆಸರು. ‘ನನ್ನ ಚಾಳೀಸು ಎಲ್ಲಿಟ್ಟೆ?’ ಎಂದು ತಾತ ಹುಡುಕುತ್ತಿದ್ದರೆ ಅದು ಬಹುಮಟ್ಟಿಗೆ ಅವರ ಹಣೆಯ ಮೇಲೆಯೇ ಇರುತ್ತದೆ. ಪದದ ಮೂಲ ಹಿಂದೂಸ್ತಾನಿಯ ಚಾಲೀಸ್, ಅಂದರೆ ನಲವತ್ತು. ಮರಾಠಿಯ ‘ಚಾಳಿಶಿ’ಗೂ ಕನ್ನಡದ ಹಾಗೆಯೇ ಎರಡು ಅರ್ಥ: ದೋಷವೂ ಹೌದು, ಅದಕ್ಕೆ ಹಾಕುವ ಕನ್ನಡಕವೂ ಹೌದು. ತೆಲುಗರು ಸಂಸ್ಕೃತದ ನಲವತ್ತನ್ನು ಹಿಡಿದು ‘ಚತ್ವಾರಂ’ ಎಂದರು. ಮಲಯಾಳಿಗಳು ಮಾತ್ರ ವಯಸ್ಸಿನ ಗೊಡವೆಗೆ ಹೋಗದೆ ‘ವೆಳ್ಳೆಳುತ್ತು’ ಎಂದು ಕರೆದರು. ಹಾಗೆಂದರೆ ಬಿಳಿ ಅಕ್ಷರ. ಕಪ್ಪಗಿರಬೇಕಾದ ಅಕ್ಷರ ಕಣ್ಣಿಗೆ ಬೆಳ್ಳಗೆ ಮಸುಕಾಗಿ ಕಾಣುವುದು. ವೈದ್ಯರು ಬಳಸುವ ‘ಪ್ರೆಸ್‌ಬಯೋಪಿಯ’ ಗ್ರೀಕ್ ಮೂಲದ್ದು, ‘ಮುದುಕನ ಕಣ್ಣು’ ಎಂದು ಅದರ ಅರ್ಥ. ನಲವತ್ತೆರಡರ ಹೆಂಗಸಿಗೋ ಗಂಡಸಿಗೋ ಈ ಹೆಸರನ್ನು ಹೇಳಿ ಸಮಾಧಾನಪಡಿಸುವುದು ಕಷ್ಟ. ಅದಕ್ಕಿಂತ ನಮ್ಮ ಚಾಳೀಸೇ ಮೇಲು.

ಹೆಸರು ಏನೇ ಇರಲಿ, ಇದು ರೋಗವಲ್ಲ. ಪಾಪೆಯ ಹಿಂದೆ ಒಂದು ಪಾರದರ್ಶಕ ಮಸೂರವಿದೆ. ಸಣ್ಣ ಎಳೆಗಳು ಅದರ ಅಂಚನ್ನು ಸುತ್ತಲಿನ ಉಂಗುರದಂಥ ಸ್ನಾಯುವಿಗೆ ಕಟ್ಟಿವೆ. ದೂರದ ಬೆಟ್ಟವನ್ನು ನೋಡುವಾಗ ಸ್ನಾಯು ಸಡಿಲವಾಗಿರುತ್ತದೆ, ಎಳೆಗಳು ಬಿಗಿಯಾಗಿ ಮಸೂರವನ್ನು ಚಪ್ಪಟೆಯಾಗಿ ಎಳೆದು ಹಿಡಿದಿರುತ್ತವೆ. ಕೈಯಲ್ಲಿನ ಪುಸ್ತಕವನ್ನು ನೋಡಿದ ಕ್ಷಣ ಸ್ನಾಯು ಸಂಕುಚಿಸಿ ಉಂಗುರ ಕಿರಿದಾಗುತ್ತದೆ, ಎಳೆಗಳು ಸಡಿಲುತ್ತವೆ, ಮಸೂರ ತನ್ನ ಸಹಜ ಗುಣದಿಂದ ಉಬ್ಬುತ್ತದೆ. ಉಬ್ಬಿದ ಮಸೂರ ಬೆಳಕನ್ನು ಹೆಚ್ಚು ಬಾಗಿಸಿ ಹತ್ತಿರದ ಅಕ್ಷರವನ್ನು ಅಕ್ಷಿಪಟಲದ ಮೇಲೆ ಸರಿಯಾಗಿ ಮೂಡಿಸುತ್ತದೆ. ಮಸೂರದ ಆಕಾರ ಬದಲಾಗುವುದೇ ಇದಕ್ಕೆ ಕಾರಣ ಎಂಬುದನ್ನು ಇಂಗ್ಲೆಂಡಿನ ಥಾಮಸ್ ಯಂಗ್ 1801ರಲ್ಲಿ ತೋರಿಸಿದ. ಸ್ನಾಯು ಮತ್ತು ಎಳೆಗಳ ಈ ವ್ಯವಹಾರವನ್ನು 1855ರಲ್ಲಿ ವಿವರಿಸಿದವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್.

ತೊಂದರೆ ಇರುವುದು ಆ ಉಬ್ಬುವ ಗುಣದಲ್ಲಿ. ಚರ್ಮ ತನ್ನ ಹಳೆಯ ಕೋಶಗಳನ್ನು ಉದುರಿಸುತ್ತದೆ, ಮಸೂರಕ್ಕೆ ಆ ಅವಕಾಶವಿಲ್ಲ. ಈರುಳ್ಳಿಯ ಹಾಗೆ ಹೊರಗಡೆ ಹೊಸ ಪದರ ಸೇರುತ್ತಾ ಹೋಗುತ್ತದೆ, ಹುಟ್ಟುವ ಮೊದಲೇ ಮೂಡಿದ ಪದರ ನಡುವೆ ಹಾಗೆಯೇ ಉಳಿಯುತ್ತದೆ. ವಯಸ್ಸಾದಂತೆ ಮಸೂರ ದಪ್ಪವಾಗಿ, ಗಡುಸಾಗಿ, ಸ್ನಾಯು ಎಷ್ಟೇ ಶ್ರಮಿಸಿದರೂ ಉಬ್ಬಲು ಒಪ್ಪುವುದಿಲ್ಲ. ಇದು ನಲವತ್ತರಲ್ಲಿ ಶುರುವಾಗುವುದೂ ಅಲ್ಲ. ಹತ್ತು ವರ್ಷದ ಹುಡುಗ ಪುಸ್ತಕವನ್ನು ಕಣ್ಣಿಗೆ 7 ಸೆಂಟಿಮೀಟರಿನಷ್ಟು ಹತ್ತಿರ ಹಿಡಿದರೂ ಓದಬಲ್ಲ. ಆಗಿನಿಂದಲೇ ಈ ಶಕ್ತಿ ವರ್ಷ ವರ್ಷ ಸೋರಿ ಹೋಗುತ್ತಿರುತ್ತದೆ. ನಲವತ್ತರ ಹೊತ್ತಿಗೆ ಸ್ಪಷ್ಟವಾಗಿ ಕಾಣುವ ಅತಿ ಸಮೀಪದ ಬಿಂದು 20 ಸೆಂಟಿಮೀಟರಿನ ಆಸುಪಾಸಿಗೆ ಬಂದಿರುತ್ತದೆ, ಐವತ್ತಕ್ಕೆ ಅದು ಅರ್ಧ ಮೀಟರಿನಷ್ಟು ದೂರ ಸರಿದಿರುತ್ತದೆ. ನಾವು ಸಾಮಾನ್ಯವಾಗಿ ಓದುವುದು 30-35 ಸೆಂಟಿಮೀಟರು ದೂರದಲ್ಲಿ. ಆ ಗೆರೆಯನ್ನು ದಾಟುವ ತನಕ ನಷ್ಟ ಅರಿವಿಗೆ ಬರುವುದಿಲ್ಲ, ಅಷ್ಟೆ.

ಕಿಟಕಿಯ ಬಳಿಗೆ ಹೋಗುವ ಅಭ್ಯಾಸಕ್ಕೂ ಕಾರಣವಿದೆ. ಹೆಚ್ಚು ಬೆಳಕಿನಲ್ಲಿ ಪಾಪೆ ಕಿರಿದಾಗುತ್ತದೆ. ಕಿರಿದಾದ ಕಿಂಡಿಯಿಂದ ಹಾಯುವ ಬೆಳಕಿನ ಕಿರಣಗಳು ಅಷ್ಟಾಗಿ ಚದುರುವುದಿಲ್ಲ, ಮಸುಕು ಕಡಿಮೆಯಾಗುತ್ತದೆ. ಮುಷ್ಟಿ ಕಟ್ಟಿ, ಬೆರಳುಗಳ ನಡುವೆ ಸೂಜಿಮೊನೆಯಷ್ಟು ತೂತು ಬಿಟ್ಟು, ಅದರ ಮೂಲಕ ಮಾತ್ರೆಯ ಪಟ್ಟಿಯನ್ನು ನೋಡಿದರೆ ಕನ್ನಡಕವಿಲ್ಲದೆಯೂ ಹೆಸರು ಓದಲು ಬರುವುದುಂಟು. ಅಕ್ಕಿ ಆರಿಸಲು ಮೊರ ಹಿಡಿದು ಜಗುಲಿಗೆ ಬರುತ್ತಿದ್ದ ಅಜ್ಜಿಯರಿಗೆ ಈ ವಿಜ್ಞಾನ ಯಾರೂ ಹೇಳಿಕೊಟ್ಟದ್ದಲ್ಲ.

ಕನ್ನಡಕವಿಲ್ಲದ ಕಾಲದಲ್ಲಿ ಓದು ಬರಹವೇ ಕಸುಬಾಗಿದ್ದವರು ಏನು ಮಾಡುತ್ತಿದ್ದರು? ನೀರು ತುಂಬಿದ ಗಾಜಿನ ಗೋಲದ ಮೂಲಕ ಸಣ್ಣ ಅಕ್ಷರ ದೊಡ್ಡದಾಗಿ ಕಾಣುತ್ತದೆಂದು ರೋಮಿನ ಸೆನೆಕಾ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾನೆ. ಆದರೆ ಎರಡು ಪೀನ ಮಸೂರಗಳನ್ನು ಜೋಡಿಸಿ ಮೂಗಿನ ಮೇಲೆ ಕೂರಿಸುವ ಉಪಾಯ ಹೊಳೆದದ್ದು 13ನೇ ಶತಮಾನದ ಕೊನೆಯಲ್ಲಿ, ಇಟಲಿಯಲ್ಲಿ. 1306ರಲ್ಲಿ ಫ್ಲಾರೆನ್ಸ್‌ನಲ್ಲಿ ಪ್ರವಚನ ಮಾಡಿದ ಪಾದ್ರಿಯೊಬ್ಬ, ಕನ್ನಡಕ ಮಾಡುವ ಕಲೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷ ಆಗಿಲ್ಲವೆಂದೂ, ಅದನ್ನು ಮೊದಲು ಮಾಡಿದವನನ್ನು ತಾನು ಕಂಡು ಮಾತನಾಡಿಸಿದ್ದೇನೆಂದೂ ಹೇಳಿದ. ಹೆಸರನ್ನು ಮಾತ್ರ ಹೇಳಲಿಲ್ಲ. ಆ ಮೊದಲ ಕನ್ನಡಕಗಳೆಲ್ಲ ಚಾಳೀಸಿನ ಕನ್ನಡಕಗಳೇ. ದೂರದ್ದು ಕಾಣದವರಿಗೆ ಬೇಕಾದ ನಿಮ್ನ ಮಸೂರ ಬರಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಈ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಪುಟವಿದೆ. ವಿಜಯನಗರದಲ್ಲಿ ಕೃಷ್ಣದೇವರಾಯನಿಂದ ಗೌರವ ಪಡೆದ, ಪುರಂದರದಾಸರ ಗುರುಗಳಾದ ವ್ಯಾಸರಾಯರ ಜೀವನವನ್ನು ಅವರ ಸಮಕಾಲೀನನಾದ ಸೋಮನಾಥ ಕವಿ ‘ವ್ಯಾಸಯೋಗಿಚರಿತ’ ಎಂಬ ಸಂಸ್ಕೃತ ಕೃತಿಯಲ್ಲಿ ಬರೆದಿದ್ದಾನೆ. ಯತಿಗಳು ಗ್ರಂಥ ಓದುವಾಗ ಕಣ್ಣಿಗೆ ನೆರವಾಗುವ ಗೋಲಕಗಳನ್ನು ಬಳಸುತ್ತಿದ್ದ ಮಾತು ಅದರಲ್ಲಿ ಬರುತ್ತದೆ. ಪುಣೆಯ ವಿದ್ವಾಂಸ ಪಿ.ಕೆ. ಗೋಡೆಯವರು ಭಾರತದಲ್ಲಿ ಕನ್ನಡಕದ ಇತಿಹಾಸ ಕುರಿತು ಬರೆದಾಗ ಈ ಉಲ್ಲೇಖವನ್ನು ಎತ್ತಿ ತೋರಿಸಿ, ಅದರ ಕಾಲವನ್ನು ಸುಮಾರು 1520 ಎಂದು ಗುರುತಿಸಿದರು. ವ್ಯಾಸರಾಯರಿಗೆ ಆಗ ಅರವತ್ತರ ಹತ್ತಿರ. ಪೋರ್ಚುಗೀಸರು ಗೋವೆಯನ್ನು ಹಿಡಿದು ಹತ್ತು ವರ್ಷವಾಗಿತ್ತು, ವಿಜಯನಗರದೊಡನೆ ಅವರ ಕುದುರೆ ವ್ಯಾಪಾರ ನಡೆದಿತ್ತು. ಕನ್ನಡಕ ಅವರ ಮೂಲಕವೇ ಬಂದಿರಬೇಕೆಂಬುದು ಗೋಡೆಯವರ ಊಹೆ. ಒಪ್ಪದ ವಿದ್ವಾಂಸರೂ ಇದ್ದಾರೆ. ಅದು ಏನೇ ಆದರೂ ದೀಪದ ಬೆಳಕಿನಲ್ಲಿ ತಾಳೆಗರಿಯ ಮೇಲೆ ಕಂಠದಿಂದ ಕೊರೆದ ಸಣ್ಣ ಅಕ್ಷರಗಳನ್ನು ಓದಬೇಕಾಗಿದ್ದ ಹಿರಿಯ ಪಂಡಿತರಿಗೆ ಆ ಎರಡು ಗಾಜಿನ ಬಿಲ್ಲೆಗಳು ಎಂಥ ವರವಾಗಿ ಕಂಡಿರಬಹುದು!

ಇವತ್ತು ಆ ವರ ಫುಟ್‌ಪಾತಿನಲ್ಲೂ ಸಿಗುತ್ತದೆ. ಆದರೂ ಹಾಕಿಕೊಳ್ಳಲು ಹಿಂಜರಿಕೆ. ಒಮ್ಮೆ ಹಾಕಿದರೆ ಕಣ್ಣು ಅದಕ್ಕೇ ಒಗ್ಗಿ ನಂಬರು ಏರುತ್ತಾ ಹೋಗುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಂಬರು ಏರುವುದು ನಿಜ, ಆದರೆ ಕನ್ನಡಕದಿಂದಲ್ಲ. ಹಾಕಿದರೂ ಹಾಕದಿದ್ದರೂ ಮಸೂರ ಗಡುಸಾಗುತ್ತಲೇ ಹೋಗುತ್ತದೆ. ನಲವತ್ತರ ಆಚೀಚೆ 1ರಿಂದ ಶುರುವಾಗುವ ಓದುವ ನಂಬರು ಅರವತ್ತರ ಹೊತ್ತಿಗೆ ಸಾಮಾನ್ಯವಾಗಿ 2.5ಕ್ಕೆ ಬಂದು ನಿಲ್ಲುತ್ತದೆ. ಕಣ್ಣಿನ ವ್ಯಾಯಾಮದಿಂದ ಚಾಳೀಸು ಹೋಗುತ್ತದೆಂಬುದೂ ಹುರುಳಿಲ್ಲದ ಮಾತು. ಬಲ ಕುಂದಿದ್ದು ಮುಖ್ಯವಾಗಿ ಸ್ನಾಯುವಿನದಲ್ಲ.

ಹಿಂಜರಿಕೆಯ ಬೆಲೆ ಪತ್ರಿಕೆ ಓದಲಾಗದಿರುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬಟ್ಟೆಯ ಎಳೆ ಎಣಿಸಿ ಹಾಕುವ ಧಾರವಾಡದ ಕಸೂತಿ, ಇಳಕಲ್ಲಿನ ಮಗ್ಗ, ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ, ಕರಾವಳಿಯ ಬೀಡಿ ಕಟ್ಟುವ ಕೆಲಸ, ಇವೆಲ್ಲ ಅಂಗೈ ದೂರದ ಕಸುಬುಗಳು. ಕೈ ಪಳಗಿ ಕೆಲಸ ಅತ್ಯಂತ ಚೆನ್ನಾಗಿ ಬರುವ ವಯಸ್ಸಿನಲ್ಲೇ ಕಣ್ಣು ಕೈಕೊಡುತ್ತದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಸಮೀಪದ ಕನ್ನಡಕ ಕೊಟ್ಟು, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ ಕೊಡಲಾಯಿತು. ಮೊದಲೇ ಕನ್ನಡಕ ಪಡೆದವರು ಕಿತ್ತ ಎಲೆ, ಇತರರಿಗೆ ಹೋಲಿಸಿದರೆ, ದಿನಕ್ಕೆ ಸುಮಾರು 5 ಕೆ.ಜಿ.ಯಷ್ಟು ಹೆಚ್ಚಾಯಿತು. ಲೆಕ್ಕಕ್ಕೆ ಶೇ 21.7ರ ಏರಿಕೆ. ಚಹಾ ಎಲೆ ಕೀಳಲು ಅಕ್ಷರ ಬರಬೇಕಿಲ್ಲ, ಆದರೆ ಎಳೆಯ ಚಿಗುರು ಯಾವುದು, ಬಲಿತದ್ದು ಯಾವುದು ಎಂದು ಕಾಣಬೇಕು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ದರ್ಜಿಗಳು, ಕುಶಲಕರ್ಮಿಗಳೂ ಸೇರಿದಂತೆ 824 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ 2024ರಲ್ಲಿ ಹೊರಬಂತು. ಎಂಟು ತಿಂಗಳಲ್ಲಿ ಕನ್ನಡಕ ಪಡೆದವರ ಆದಾಯ ಪಡೆಯದವರಿಗಿಂತ ಮೂರನೇ ಒಂದರಷ್ಟು ಹೆಚ್ಚಾಗಿತ್ತು. ಇಷ್ಟು ಅಗ್ಗದ ವಸ್ತು ಇನ್ನೂ ತಲುಪದ ಜನ ಜಗತ್ತಿನಲ್ಲಿ ಕಡಿಮೆಯೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರ ವರದಿಯಲ್ಲಿ ಕೊಟ್ಟ ಅಂದಾಜು 82.6 ಕೋಟಿ.

ಕನ್ನಡಕವೇ ಬೇಡವೆನ್ನುವವರಿಗೆ ಕಣ್ಣಿನ ಹನಿಗಳೂ ಬಂದಿವೆ. ಪೈಲೋಕಾರ್ಪಿನ್ ಎಂಬ ಹಳೆಯ ಔಷಧಿಯ ಹನಿಗೆ ಅಮೆರಿಕದಲ್ಲಿ 2021ರಲ್ಲಿ ಈ ಉದ್ದೇಶಕ್ಕೆ ಒಪ್ಪಿಗೆ ಸಿಕ್ಕಿತು. ಅದು ಮಾಡುವುದು ಪಾಪೆಯನ್ನು ಕೆಲವು ಗಂಟೆ ಕಾಲ ಕಿರಿದಾಗಿಸುವ ಕೆಲಸವನ್ನು. ಮುಷ್ಟಿಯ ತೂತಿನ ತಂತ್ರವೇ, ಸೀಸೆಯಲ್ಲಿ! ನಮ್ಮಲ್ಲಿ 2024ರಲ್ಲಿ ಇಂಥದೇ ಹನಿಯೊಂದು ಕನ್ನಡಕ ಬಿಡಿಸುತ್ತದೆಂದು ಭಾರಿ ಪ್ರಚಾರವಾದಾಗ, ಒಪ್ಪಿಗೆಯಿಲ್ಲದ ದಾವೆಗಳ ಕಾರಣಕ್ಕೆ ಔಷಧ ನಿಯಂತ್ರಕರು ಅದರ ಪರವಾನಗಿಯನ್ನು ಕೆಲವೇ ದಿನಗಳಲ್ಲಿ ತಡೆಹಿಡಿದರು.

ಇನ್ನು, ಅರವತ್ತೈದು ಎಪ್ಪತ್ತಾದರೂ ಬರಿಗಣ್ಣಿನಲ್ಲಿ ಸೂಜಿಗೆ ದಾರ ಪೋಣಿಸುತ್ತೇನೆಂದು ಹೆಮ್ಮೆ ಪಡುವವರು ಊರಿಗೊಬ್ಬರಾದರೂ ಇರುತ್ತಾರೆ. ಅವರಲ್ಲಿ ಕೆಲವರಿಗೆ ಮೊದಲಿನಿಂದಲೂ ಒಂದು ಕಣ್ಣಿಗೋ ಎರಡಕ್ಕೋ ದೂರದ್ದು ಮಸುಕು. ಅಂಥ ಕಣ್ಣಿಗೆ ಹತ್ತಿರದ್ದು ತಾನಾಗಿ ಕಾಣುತ್ತದೆ. ಆದರೆ ಹತ್ತಾರು ವರ್ಷ ಕನ್ನಡಕ ಹಾಕಿ ಓದುತ್ತಿದ್ದವರು ಇದ್ದಕ್ಕಿದ್ದಂತೆ ಅದನ್ನು ತೆಗೆದಿಟ್ಟು ಓದತೊಡಗಿದರೆ ಮನೆಯವರು ಸಂಭ್ರಮಿಸುವಂತಿಲ್ಲ. ಕಣ್ಣಿನೊಳಗೆ ಪೊರೆ ಕಟ್ಟತೊಡಗಿದಾಗ ಮಸೂರದ ಶಕ್ತಿ ಹೆಚ್ಚಿ ಕೆಲವು ತಿಂಗಳು ಹೀಗೆ ಹತ್ತಿರದ್ದು ಚೆನ್ನಾಗಿ ಕಾಣುವುದುಂಟು. ಆಗ ಬಸ್ಸಿನ ಬೋರ್ಡು ಓದಲು ಆಗುತ್ತಿದೆಯೇ ಎಂದು ಅವರನ್ನು ಕೇಳಿ ನೋಡಬೇಕು. ಬಹಳ ಸಲ ಉತ್ತರ ಇಲ್ಲವೆಂದೇ ಬರುತ್ತದೆ.