ಮಳೆಯೂ ಕಿಡಿಯೂ

ಯಂತ್ರಕ್ಕೆ ಮನಸ್ಸಿಲ್ಲವೆನ್ನುತ್ತಾರೆ. ಆಗುಂಬೆಯ ಮಳೆಯಲ್ಲಿ ನಿಂತುಹೋದ ಮೋಟಾರು ಸೈಕಲ್ಲಿನ ಮುಂದೆ ಒಮ್ಮೆ ನಿಂತವರಿಗೆ ಆ ಮಾತಿನಲ್ಲಿ ನಂಬಿಕೆ ಉಳಿಯುವುದು ಕಷ್ಟ. ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು ಅದು. ಅಲ್ಲಿ ನೀರು ಮೇಲಿನಿಂದ ಮಾತ್ರ ಬೀಳುವುದಿಲ್ಲ; ಗಾಳಿಯೊಡನೆ ಅಡ್ಡವಾಗಿ ಬೀಸುತ್ತದೆ, ಚಕ್ರದೊಡನೆ ಕೆಳಗಿನಿಂದಲೂ ಏಳುತ್ತದೆ.

2018ರ ಜುಲೈ ತಿಂಗಳ ಒಂದು ಬೆಳಗ್ಗೆ, ನನ್ನ ವಿದ್ಯಾರ್ಥಿಯೊಬ್ಬನನ್ನು ಹಿಂದೆ ಕುಳ್ಳಿರಿಸಿಕೊಂಡು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆ. ಹನ್ನೊಂದು ಗಂಟೆಗೆ ಅವನಿಗೆ ಅಲ್ಲಿ ಉದ್ಯೋಗದ ಸಂದರ್ಶನ. “ಬಸ್ಸೇಕೆ? ನಾನೇ ಬಿಡುತ್ತೇನೆ” ಎಂದವನು ನಾನೇ. ತಂದೆಯವರ ಕಾಲದ ಆ ವಾಹನ 6 ವೋಲ್ಟಿನ ಬ್ಯಾಟರಿಯದು, ಪ್ಲಾಟಿನಂ ಪಾಯಿಂಟಿನದು. ಆಗುಂಬೆ ಸಮೀಪಿಸುತ್ತಿದ್ದಂತೆ ಎರಡು ಸಲ ಸೀನಿ ಮೌನವಾಯಿತು.

ಕಿಕ್ಕರನ್ನು ಒದ್ದೆ, ಪ್ಲಗ್ಗು ಬದಲಿಸಿದೆ, ಕಂಡ ತಂತಿಗಳನ್ನೆಲ್ಲ ಸಡಿಲಿಸಿದೆ. ಅಷ್ಟರಲ್ಲಿ ಉಡುಪಿಯ ಬಸ್ಸು ಬಂದಿತು. ಹುಡುಗ ಬಸ್ಸಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದ. “ಹತ್ತು ನಿಮಿಷ ತಾಳಪ್ಪ” ಎಂದೆ. ಮೇಷ್ಟರ ಮಾತನ್ನು ಅವನು ಮೀರಲಾರ. ಬಸ್ಸು ಹೋಯಿತು. ಮುಕ್ಕಾಲು ಗಂಟೆಯ ಮೇಲೆ ಬಂದ ಮತ್ತೊಂದು ಬಸ್ಸಿಗೆ ಅವನನ್ನು ಹತ್ತಿಸಿದಾಗ ಅವನ ಕೈಯ ಪ್ರಮಾಣಪತ್ರಗಳ ಚೀಲ ತೊಯ್ದಿತ್ತು.

ಪಕ್ಕದ ಚಹಾದಂಗಡಿಯ ಮುದುಕ, ಹಿಂದೆ ಲಾರಿಯಲ್ಲಿ ದುಡಿದವನಂತೆ, ಆಗ ಬಾಯಿಬಿಟ್ಟ: “ಎಂತ ಮೇಷ್ಟ್ರೇ, ಎಲ್ಲಾ ಒಟ್ಟಿಗೆ ಬಿಚ್ಚಿದ್ರೆ ಯಾವ್ದು ಹಾಳಾಗಿತ್ತು ಅಂತ ಗೊತ್ತಾಗೋದು ಹ್ಯಾಂಗೆ?”

ನಾನು ನಾಚಿದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಮುಂದಿರಿಸಿಕೊಂಡು ಪಾಠ ಹೇಳುವವನು ನಾನು. ಸ್ಖಾಲಿತ್ಯವು ಎಲ್ಲಿ ನುಸುಳಿತೆಂದು ಅರಿಯದೆ ಪಾಠವನ್ನು ತಿದ್ದಬಾರದೆಂದು ವರ್ಷವರ್ಷವೂ ಹೇಳುತ್ತೇನೆ.

ಮುದುಕನ ಮಾತಿನಂತೆ ತಂತಿಗಳನ್ನೆಲ್ಲ ಮೊದಲಿನಂತೆ ಬಿಗಿದೆ. ಹಾರನ್ನು ಕೂಗಿತು, ದೀಪ ಬೆಳಗಿತು. ಆದುದರಿಂದ ಬ್ಯಾಟರಿಯೂ ಫ್ಯೂಸೂ ನಿರಪರಾಧಿಗಳು. ಮುಂದೆ ಕಿಡಿಯ ಪರೀಕ್ಷೆ. ಪ್ಲಗ್ಗನ್ನು ಬಿಚ್ಚಿ, ಟೋಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿಗೆ ತಾಗುವಂತೆ, ಪೆಟ್ರೋಲಿನಿಂದ ದೂರದಲ್ಲಿ ಒರಗಿಸಿ ಕಿಕ್ಕರನ್ನು ಒದೆಯಬೇಕು, ಬರಿಗೈಯಲ್ಲಿ ಹಿಡಿಯಬಾರದು. ಕಿಡಿ ಹಾರಲಿಲ್ಲ. ಕಾಯಿಲಿನಿಂದ ಹೊರಡುವ ವಿದ್ಯುತ್ತು ಸಾವಿರಾರು ವೋಲ್ಟುಗಳದು. ನೀರೂ ಕೊಳೆಯೂ ಕೂಡಿದ ಕಡೆ ಅದು ಪ್ಲಗ್ಗಿನ ತುದಿಯವರೆಗೆ ಹೋಗುವ ಶ್ರಮವನ್ನು ತೆಗೆದುಕೊಳ್ಳದೆ ಹತ್ತಿರದ ಲೋಹಕ್ಕೆ ಇಳಿದುಹೋಗುತ್ತದೆ. ಟೋಪಿಯ ರಬ್ಬರಿನಲ್ಲಿ ಕೂದಲೆಳೆಯ ಬಿರುಕಿತ್ತು, ಒಳಗೆ ತೇವವಿತ್ತು. ಒರೆಸಿದೆ, ಕಿಡಿ ಬಂದಿತು, ಆದರೆ ಬಡಕಲು. ಪಾಯಿಂಟಿನ ಮುಚ್ಚಳ ತೆರೆದರೆ ಅಲ್ಲಿಯೂ ಬೆವರು. ಒಣಬಟ್ಟೆಯಿಂದ ಒರೆಸಿದ ಮೇಲೆ ನೀಲಿಯ ಕಿಡಿ ಚಟ್ಟೆಂದಿತು. ಒಟ್ಟು ಇಪ್ಪತ್ತು ನಿಮಿಷದ ಕೆಲಸ!

ಮಳೆ ನಿಂತರೂ ಅದರ ಕೆಲಸ ನಿಲ್ಲುವುದಿಲ್ಲ. ವಾರಗಳ ಮೇಲೆ ತಂತಿಯ ಜೋಡಣೆಗಳಲ್ಲಿ ಹಸಿರು ಕಿಲುಬು ಏಳುತ್ತದೆ, ದೀಪ ಮಂಕಾಗುತ್ತದೆ. ಅದನ್ನು ಉಜ್ಜಿ ತೆಗೆದು ವ್ಯಾಸಲೀನು ಸವರಿದರೆ ತೇವ ತಡೆಯುತ್ತದೆ. ಫ್ಯೂಸು ಸುಟ್ಟಿತೆಂದು ದಪ್ಪ ತಂತಿ ಕಟ್ಟುವುದು ಮಾತ್ರ ಕೂಡದು. ಫ್ಯೂಸಿನ ಬದಲು ವಾಹನದ ತಂತಿಗಳೇ ಸುಡುತ್ತವೆ. ಇಂದಿನ ವಾಹನಗಳಲ್ಲಿ ಪಾಯಿಂಟುಗಳಿಲ್ಲ. ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಕಿಡಿಯನ್ನು ಆಳುತ್ತದೆ. ಅಲ್ಲಿಯೂ ಜೋಡಣೆಗೆ ನೀರು ಹೊಕ್ಕರೆ ಫಲ ಒಂದೇ. ಮೊದಲು ಕೀಲಿಯನ್ನು ಆರಿಸಿ, ಆಮೇಲೆ ಕೈಹಾಕಬೇಕು.

ಸಂಜೆ ಹುಡುಗ ಫೋನು ಮಾಡಿದ. “ಸ್ವಲ್ಪ ತಡವಾಯ್ತು ಸಾರ್, ಆದ್ರೂ ಕೊನೆಯಲ್ಲಿ ಒಳಗೆ ಕರೆದರು” ಎಂದ. ಆ ಕೆಲಸ ಅವನಿಗೆ ದೊರೆಯಲಿಲ್ಲ. ತಡವಾದುದೇ ಕಾರಣವೆಂದು ಅವನು ಎಂದೂ ಹೇಳಿದವನಲ್ಲ. ಅಲ್ಲವೆಂದು ನಾನೂ ಹೇಳಿಕೊಳ್ಳಲಾರೆ. ಪ್ರತಿ ಜೂನಿನಲ್ಲಿ ಪ್ಲಗ್ಗಿಗೆ ಹೊಸ ಟೋಪಿ ಹಾಕಿಸುತ್ತೇನೆ. ಯಾರಾದರೂ ಅವಸರದಲ್ಲಿದ್ದರೆ, ಮೊದಲ ಬಸ್ಸಿಗೇ ಹತ್ತಿಸಿಬಿಡುತ್ತೇನೆ.