ಸೋಲಾರ್ ಬ್ಯಾಟರಿಗೆ ಬಾವಿ ನೀರು ಬೇಡ

ನಮ್ಮ ಮನೆ ತ್ರಾಸಿಯಲ್ಲಿ, ಕಡಲಿಗೆ ಹತ್ತಿರ. ಬೆಟ್ಟು ಗದ್ದೆಯ ಕೃಷಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬಾರದ್ದೂ ಉಂಟು. ಹಾಗಾಗಿ ನಾಲ್ಕು ದೀಪದ ಸೋಲಾರ್ ಹಾಕಿಸಿದೆ.

ಮೊದಲ ಬ್ಯಾಟರಿಯನ್ನು ಎರಡೇ ವರ್ಷದಲ್ಲಿ ಹಾಳು ಮಾಡಿದವ ನಾನೇ. ನೀರು ಇಳಿದದ್ದು ಕಂಡು ಬಾವಿಯಿಂದ ಸೇದಿ ಹೊಯ್ದೆ. ಕುಡಿಯುವ ನೀರಲ್ವಾ, ಏನಾಗ್ತದೆ ಅಂದುಕೊಂಡೆ. ಹೊಸತಕ್ಕೆ ಆ ವರ್ಷದ ನೆಲಗಡಲೆಯ ದುಡ್ಡೇ ಹೋಯಿತು.

ಚಾರ್ಜ್ ಆಗುವಾಗ ಒಳಗಿನ ನೀರು ಅನಿಲವಾಗಿ ಹೋಗುತ್ತದೆ, ಆಸಿಡ್ ಉಳಿಯುತ್ತದೆ. ಆದ್ದರಿಂದ ತುಂಬಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಅಲ್ಲ. ಬಾವಿ ನೀರಿನ ಉಪ್ಪು, ಕಬ್ಬಿಣ ಒಳಗೇ ಉಳಿದು ಪ್ಲೇಟನ್ನು ಕೆಡಿಸುತ್ತವೆ. ಈಗ ತಿಂಗಳಿಗೊಮ್ಮೆ ನೋಡುತ್ತೇನೆ. ಪ್ಲೇಟ್ ಮುಳುಗಿರಬೇಕು, ನೀರು ಗುರುತು ಮೀರಬಾರದು. ಟರ್ಮಿನಲ್ಲಿನ ಬಿಳಿ ಹುಡಿ ಒರೆಸಿ ವ್ಯಾಸಲಿನ್ ಸವರುತ್ತೇನೆ. ಹತ್ತಿರ ಬೀಡಿ ಹಚ್ಚಬೇಡಿ, ಆ ಅನಿಲ ಹೊತ್ತಿಕೊಳ್ಳುತ್ತದೆ.

ಕಷ್ಟ ಇರುವುದು ಮಳೆಗಾಲದಲ್ಲಿ. ಬಿಸಿಲಿಲ್ಲದೆ ಬ್ಯಾಟರಿ ಅರೆಹೊಟ್ಟೆಯಲ್ಲೇ ಇರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಸುಲಭಕ್ಕೆ ಬಿಡದು. ಆಗ ನಮ್ಮಲ್ಲಿ ಉರಿಯುವುದು ಅಡುಗೆಮನೆಯ ದೀಪ ಒಂದೇ. ಮೊಮ್ಮಗನ ಓದೂ ಅಲ್ಲೇ, ಅವನಿಗೆ ಸಿಟ್ಟು.

ಪ್ಯಾನೆಲ್ ದಕ್ಷಿಣಕ್ಕೆ ಓರೆಯಾಗಿರಲಿ. ಕಡಲ ಗಾಳಿಯ ಉಪ್ಪು ಕೂತರೆ ಬೆಳಿಗ್ಗೆ, ಗಾಜು ಬಿಸಿಯಾಗುವ ಮುಂಚೆ, ಸಿಹಿನೀರಿನಲ್ಲಿ ತೊಳೆಯಿರಿ. ತೆಂಗಿನ ಗರಿಯ ನೆರಳು ಒಂದು ಮೂಲೆಗೆ ಬಿದ್ದರೂ ಚಾರ್ಜ್ ಬಹಳ ಇಳಿಯುತ್ತದೆ.

"ಲೈನಿಗೆ ಜೋಡಿಸುವ ಸೋಲಾರಿಗೆ ಬ್ಯಾಟರಿ ರಗಳೆ ಇಲ್ಲವಲ್ಲ ಮಾರಾಯ್ರೆ" ಎಂದರು ನೆರೆಮನೆಯವರು. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾದ ಮೇಲೆ ಸುಮಾರು ಜನ ಅದನ್ನೇ ಕೇಳುತ್ತಾರೆ. ಬಿಲ್ ಇಳಿಸಲು ಅದು ಒಳ್ಳೆಯದೇ. ಆದರೆ ಬ್ಯಾಟರಿಯಿಲ್ಲದ ಅಂಥ ಸೋಲಾರ್, ಮೆಸ್ಕಾಂ ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿದ್ದು.