ಗೆಟ್‌ಲೈನ್ ಯಾವ ಮನೆಯದು?

ಕೆ ಅಂಡ್ ಆರ್ ಅಂತ ಎಲ್ಲರೂ ಕರೆಯುವ ಕರ್ನಿಗನ್-ರಿಚಿ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಸಾಲು ಓದಿಕೊಳ್ಳುವ ಪುಟ್ಟ ಫಂಕ್ಷನ್ ಇದೆ. ಹೆಸರು ಗೆಟ್‌ಲೈನ್. ಅದನ್ನ ಒಂದಕ್ಷರ ತಪ್ಪದೆ ಟೈಪ್ ಮಾಡಿ ಲಿನಕ್ಸ್‌ನಲ್ಲಿ ಜಿಸಿಸಿಗೆ ಕೊಡಿ, ‘ಕಾನ್‌ಫ್ಲಿಕ್ಟಿಂಗ್ ಟೈಪ್ಸ್’ ಅಂತ ಎರರ್ ಬರತ್ತೆ. ಪುಸ್ತಕದ್ದೂ ತಪ್ಪಿಲ್ಲ, ನಿಮ್ಮದೂ ಇಲ್ಲ. ಪುಸ್ತಕದ ಎರಡನೇ ಆವೃತ್ತಿ ಬಂದದ್ದು 1988ರಲ್ಲಿ. 2008ರ ಪೋಸಿಕ್ಸ್ ಸ್ಟ್ಯಾಂಡರ್ಡ್ ಅದೇ ಹೆಸರನ್ನ ಬೇರೊಂದು ಫಂಕ್ಷನ್‌ಗೆ ಕೊಟ್ಟಿತು. ಅದು ಈಗ ಎಸ್‌ಟಿಡಿಐಓ ಹೆಡರ್‌ನಲ್ಲೇ ಕೂತಿದೆ. ಗ್ಲೋಬಲ್ ಆಗಿ ವೈ1 ಅಂತ ವೇರಿಯಬಲ್ ಇಟ್ಟು ಮ್ಯಾಥ್ ಹೆಡರ್ ಸೇರಿಸಿದರೂ ಇದೇ ಗತಿ, ಅಲ್ಲಿ ವೈ1 ಅನ್ನೋದು ಬೆಸೆಲ್ ಫಂಕ್ಷನ್. ‘-ಎಸ್‌ಟಿಡಿ=ಸಿ99’ ಕೊಟ್ಟರೆ ಎರಡೂ ಎರರ್ ಮಾಯ.

ಎರರ್ ಬಂದರೆ ಪುಣ್ಯ ಅನ್ನಿ. ಬಾರದಿದ್ದಾಗಲೇ ಕಷ್ಟ.

ಮಿನಿ ಪ್ರಾಜೆಕ್ಟ್‌ನಲ್ಲಿ ಗ್ರಾಫ್‌ನ ಎರಡು ನೋಡ್ ಜೋಡಿಸಲು ‘ಕನೆಕ್ಟ್’ ಅಂತ ಫಂಕ್ಷನ್ ಬರೆದಿರಿ ಅಂತಿಟ್ಟುಕೊಳ್ಳಿ. ಸಾಕೆಟ್ ಹೆಡರ್ ಸೇರಿಸಿಲ್ಲ, ಹಾಗಾಗಿ ಕಂಪೈಲರ್ ಸುಮ್ಮನಿರತ್ತೆ. ಆಮೇಲೆ ಮೈಎಸ್‌ಕ್ಯುಎಲ್ ಲೈಬ್ರರಿ ಸೇರಿಸಿದಿರಿ. ಸರ್ವರ್‌ಗೆ ಹೋಗಲು ಅದು ಕರೆಯೋದೂ ಕನೆಕ್ಟ್ ಅನ್ನೇ. ಡೈನಮಿಕ್ ಲಿಂಕರ್ ಹೆಸರು ಹುಡುಕುವಾಗ ಮೊದಲು ನೋಡೋದು ನಿಮ್ಮ ಪ್ರೋಗ್ರಾಮನ್ನ, ಆಮೇಲೆ ಲೈಬ್ರರಿಗಳನ್ನ. ಸಾಕೆಟ್ ನಂಬರ್ ಬಂದು ನಿಮ್ಮ ಗ್ರಾಫ್ ಫಂಕ್ಷನ್ ಕೈಗೆ ಬೀಳತ್ತೆ! ಕ್ರ್ಯಾಶ್ ಆದರೆ ನೀವು ಬೈಯೋದು ಡೇಟಾಬೇಸನ್ನ.

ಸಿಯಲ್ಲಿ ಸಿ++ನ ಹಾಗೆ ನೇಮ್‌ಸ್ಪೇಸ್ ಇಲ್ಲ. ಇದಕ್ಕೆ ಪರಿಹಾರ ನಮ್ಮ ಕೊಡಗಿನಲ್ಲೇ ಇದೆ. ವಿರಾಜಪೇಟೆ ಸಂತೆಯಲ್ಲಿ ನಿಂತು ‘ತಿಮ್ಮಯ್ಯ’ ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡ್ತಾರೋ! ಅದಕ್ಕೇ ಮುಂದೆ ಮನೆಹೆಸರು: ಜನರಲ್ ತಿಮ್ಮಯ್ಯ ಕೊಡಂದೇರ ಮನೆಯವರು. (ಕಾರ್ಯಪ್ಪನವರೂ ಅದೇ ಮನೆ.) 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿಯಲ್ಲೂ ತಂಡಗಳಿಗೆ ಮನೆಹೆಸರೇ. ನಿಮ್ಮ ಫಂಕ್ಷನ್‌ಗೂ ಹಾಗೇ ಮಾಡಿ: ಕನೆಕ್ಟ್ ಬದಲು ‘ಗ್ರಾಫ್_ಕನೆಕ್ಟ್’. ಒಂದೇ ಫೈಲಿನೊಳಗೆ ಬಳಸೋದಾದರೆ ಸ್ಟ್ಯಾಟಿಕ್ ಅಂತಲೂ ಹಾಕಿ, ಆಗ ಹೆಸರು ಲಿಂಕರ್ ಮೂಲಕ ಹೊರಗೆ ಹೋಗಲ್ಲ. ಆದರೆ ಅದೇ ಹೆಸರಿರುವ ಹೆಡರ್ ಸೇರಿಸಿದ್ದರೆ ಸ್ಟ್ಯಾಟಿಕ್ ಕೂಡ ಉಳಿಸಲ್ಲ.

ಇನ್ನೊಂದು ವಿಷಯ ಲ್ಯಾಬ್‌ನಲ್ಲಿ ಯಾರೂ ಹೇಳಲ್ಲ. ‘ಐಎಸ್’, ‘ಟಿಓ’, ‘ಎಸ್‌ಟಿಆರ್’, ‘ಎಂಇಎಂ’ ಆದ ಮೇಲೆ ಸಣ್ಣಕ್ಷರ ಬರುವ ಫಂಕ್ಷನ್ ಹೆಸರುಗಳನ್ನ ಸ್ಟ್ಯಾಂಡರ್ಡ್ ಮುಂದಿನ ಲೈಬ್ರರಿಗಾಗಿ ಎತ್ತಿಟ್ಟಿದೆ. ಎಲ್ಲರೂ ಬರೆಯುವ ‘ಇಸ್‌ಪ್ರೈಮ್’ ಕೂಡ ಅದರಲ್ಲೇ ಬೀಳತ್ತೆ. ನಡುವೆ ಒಂದು ಅಂಡರ್‌ಸ್ಕೋರ್ ಹಾಕಿ, ‘ಇಸ್_ಪ್ರೈಮ್’ ನಿಮ್ಮದೇ. ಉಳಿದದ್ದಕ್ಕೆ, ಹೆಸರಿಡುವ ಮುಂಚೆ ಟರ್ಮಿನಲ್‌ನಲ್ಲಿ ‘ಮ್ಯಾನ್’ ಜೊತೆ ಆ ಹೆಸರು ಕೊಟ್ಟು ನೋಡಿ, ಪೇಜ್ ತೆರೆದುಕೊಂಡರೆ ಬೇರೆ ಹೆಸರು ಹುಡುಕಿ.